ಬಿಸಿ ಪಾತ್ರೆ ಹಿಡಿಯುವ ಪ್ಯಾಡಿನೊಳಗೆ ಏನು ತುಂಬಬೇಕು?

ಹೊಲಿಗೆ ಮಾಡುವವರ ಮನೆಯಲ್ಲಿ ಚೂರು ಬಟ್ಟೆಗೆ ಬರವಿಲ್ಲ. ಆ ಚೂರುಗಳನ್ನು ಜೋಡಿಸಿ ಬಿಸಿ ಪಾತ್ರೆ ಹಿಡಿಯುವ ಪ್ಯಾಡ್ ಹೊಲಿಯುವುದು ನನಗೆ ತುಂಬಾ ಇಷ್ಟದ ಕೆಲಸ. ಮೇಲಿನ ಬಟ್ಟೆಯ ಬಣ್ಣ ಹೊಂದಿಸೋಕೆ ನಾವು ಗಂಟೆಗಟ್ಟಲೆ ಕೂರುತ್ತೇವೆ, ಒಳಗೆ ಮಾತ್ರ ಕೈಗೆ ಸಿಕ್ಕಿದ್ದನ್ನು ತುಂಬಿ ಹೊಲಿದುಬಿಡುತ್ತೇವೆ. ಆದರೆ ಕೈ ಸುಡದ ಹಾಗೆ ಕಾಯುವುದು ಆ ಒಳಗಿನ ಪದರವೇ ಅಲ್ವಾ?

ಅಕ್ಕ ಹೊಸದಾಗಿ ಅವನ್ ತಂದಿದ್ದಳು. ಅದಕ್ಕೆ ಒಂದು ಜೊತೆ ಪ್ಯಾಡ್ ಹೊಲಿದುಕೊಡು ಅಂದಳು. ಕುದಿಯುವ ನೀರಿನ ಪಾತ್ರೆ ಸುಮಾರು 100 ಡಿಗ್ರಿ ಸೆಲ್ಸಿಯಸ್ ಇರುತ್ತದೆ, ಅವನ್‌ನಿಂದ ತೆಗೆಯುವ ಟ್ರೇ 200 ದಾಟಿರಬಹುದು. ಎರಡಕ್ಕೂ ಒಂದೇ ಪ್ಯಾಡ್ ಸಾಲುತ್ತದೆ ಅಂತ ಸುಮ್ನೆ ಅಂದುಕೊಳ್ಳೋಕೆ ಆಗಲ್ಲ. ಹಾಗಾಗಿ ಒಂದು ರಜೆಯ ದಿನ ಅವಳನ್ನೂ ಕೂರಿಸಿಕೊಂಡು, ನನ್ನ ಹತ್ತಿರ ಇದ್ದ ತುಂಬುವ ಸಾಮಾನನ್ನೆಲ್ಲ ಮೇಜಿನ ಮೇಲೆ ಹರಡಿದೆ. ಹತ್ತಿ ಬ್ಯಾಟಿಂಗ್ (ರಜಾಯಿಯ ಎರಡು ಬಟ್ಟೆಗಳ ನಡುವೆ ತುಂಬುವ ಮೆತ್ತನೆಯ ಪದರ), ಪಾಲಿಯೆಸ್ಟರ್ ಬ್ಯಾಟಿಂಗ್, ಹಳೇ ಟರ್ಕಿ ಟವೆಲ್, ಜೀನ್ಸ್ ತುಂಡುಗಳು, ಬಿಸಿನೀರಲ್ಲಿ ಒಗೆದು ಕುಗ್ಗಿ ಗಟ್ಟಿಯಾದ ಉಣ್ಣೆ ಸ್ವೆಟರ್, ಜೊತೆಗೆ ಇನ್ಸುಲ್-ಬ್ರೈಟ್ ಅನ್ನುವ, ಒಳಗೆ ಹೊಳೆಯುವ ಹಾಳೆ ಇರುವ, ಶಾಖ ತಡೆಯೋಕೆ ಅಂತಲೇ ಮಾರುವ ಬ್ಯಾಟಿಂಗ್.

ಅಕ್ಕನ ಕೈ ಮೊದಲು ಹೋಗಿದ್ದು ಪಾಲಿಯೆಸ್ಟರ್ ಕಡೆಗೆ. “ನೋಡೇ, ಎಷ್ಟು ಚೆನ್ನಾಗಿ ಉಬ್ಬಿದೆ, ಇದನ್ನೇ ಹಾಕು” ಅಂದಳು. ನಾನು ಬಾಯಲ್ಲಿ ಹೇಳುವ ಬದಲು ಸುಟ್ಟು ತೋರಿಸಿದೆ. ಸಿಂಕಿನಲ್ಲಿ ನೀರಿನ ಬಟ್ಟಲು ಇಟ್ಟುಕೊಂಡು, ಉಗುರಿನಷ್ಟು ಚೂರನ್ನು ಚಿಮಟದಲ್ಲಿ ಹಿಡಿದು ಬೆಂಕಿ ಮುಟ್ಟಿಸಿದರೆ ಸಾಕು. ಪಾಲಿಯೆಸ್ಟರ್ ಕರಗಿ ಮುದುರಿಕೊಂಡಿತು, ಆರಿದ ಮೇಲೆ ಕಪ್ಪು ಗಟ್ಟಿ ಮಣಿಯಾಗಿ ಉಳಿಯಿತು. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಮೆತ್ತನೆಯ ಬೂದಿಯಾಯಿತು. ಉಣ್ಣೆ ಕೂದಲು ಸುಟ್ಟ ಹಾಗೆ ನಾತ ಹೊಡೆಯಿತು, ಆದರೆ ಬೆಂಕಿ ದೂರ ಮಾಡಿದ ಕೂಡಲೇ ತಾನಾಗಿ ಆರಿತು.

ಪಾಲಿಯೆಸ್ಟರ್ ಕರಗುವುದು ಸುಮಾರು 250–260 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೂ ಮುಂಚೆ. ಒಲೆಯ ಮೇಲೆ ಚೆನ್ನಾಗಿ ಕಾದ ಕಬ್ಬಿಣದ ಬಾಣಲೆ ಅಷ್ಟು ಬಿಸಿ ಮುಟ್ಟುವುದು ಕಷ್ಟವೇನಲ್ಲ. ಕರಗಿದ್ದು ಚರ್ಮಕ್ಕೆ ಅಂಟಿದರೆ ಗಾಯ ಇನ್ನೂ ಆಳ. ಹತ್ತಿಯೂ ಉಣ್ಣೆಯೂ ಹಾಗೆ ಕರಗಲ್ಲ, ಕಪ್ಪಾಗುತ್ತವೆ ಅಷ್ಟೆ. ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ: ಹತ್ತಿ ಅಂತ ಕೊಂಡ ಬ್ಯಾಟಿಂಗ್‌ನಲ್ಲೂ 80 ಭಾಗ ಹತ್ತಿ, 20 ಭಾಗ ಪಾಲಿಯೆಸ್ಟರ್ ಬೆರೆತಿರುವುದುಂಟು. ಹೊದಿಕೆಗೆ ಅದು ಒಳ್ಳೆಯದೇ, ಪಾತ್ರೆ ಹಿಡಿಯೋಕೆ ಬೇಡ. ಚೀಟಿ ಓದಿ, ಚೀಟಿ ಇಲ್ಲದಿದ್ದರೆ ಒಂದು ಚೂರು ಸುಟ್ಟು ನೋಡಿ.

ಆಮೇಲೆ ನೋಡಿದ್ದು ದಪ್ಪ. ನಿಜವಾಗಿ ಶಾಖ ತಡೆಯುವುದು ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ. ಮೇಜಿನ ಮೇಲೆ ಎಷ್ಟು ಉಬ್ಬಿದೆ ಅನ್ನುವುದು ಮುಖ್ಯವಲ್ಲ, ಪಾತ್ರೆಯನ್ನು ಬಿಗಿಯಾಗಿ ಹಿಡಿದಾಗ ಎಷ್ಟು ಉಳಿಯುತ್ತದೆ ಅನ್ನುವುದೇ ಮುಖ್ಯ. ಎರಡು ಬೆರಳಲ್ಲಿ ಒತ್ತಿದಾಗ ಆ ಉಬ್ಬಿದ ಪಾಲಿಯೆಸ್ಟರ್ ಕಾಗದದಷ್ಟು ತೆಳ್ಳಗಾಯಿತು. ಟರ್ಕಿ ಟವೆಲ್ ಒತ್ತಿದರೂ ಅದರ ಕುಣಿಕೆಗಳು ಸ್ವಲ್ಪ ಜಾಗ ಉಳಿಸಿಕೊಂಡವು. ಗಟ್ಟಿಯಾದ ಉಣ್ಣೆಯಂತೂ ಜಗ್ಗಲೇ ಇಲ್ಲ. ಜೀನ್ಸ್ ಗಟ್ಟಿಮುಟ್ಟಾದ ಬಟ್ಟೆ, ಹೊರಗಡೆಗೆ ಚೆನ್ನ, ಆದರೆ ನೇಯ್ಗೆ ಬಿಗಿ, ಗಾಳಿ ಕಡಿಮೆ. ಹಾಗಾಗಿ ಒಳಗೆ ಅದೊಂದನ್ನೇ ನಂಬೋಕೆ ಆಗಲ್ಲ.

ಸುಮಾರು 20 ಸೆಂಟಿಮೀಟರ್ ಚೌಕದ ಮಾದರಿಗಳನ್ನು ಬೇಗ ಬೇಗ ಹೊಲಿದು, ಕುದಿಯುವ ಪಾತ್ರೆಯ ಮುಚ್ಚಳದ ಮೇಲಿಟ್ಟು ಮೇಲೆ ಅಂಗೈ ಒತ್ತಿ ಎಣಿಸುತ್ತಾ ಕೂತೆವು, ಬಿಸಿ ತಟ್ಟಿತು ಅನ್ನಿಸಿದ ಕೂಡಲೇ ಕೈ ತೆಗೆಯುವುದು ಅನ್ನುವ ಒಪ್ಪಂದದ ಮೇಲೆ. ಹತ್ತಿ ಬ್ಯಾಟಿಂಗ್ ಒಂದೇ ಪದರ ಇದ್ದದ್ದು ಬೇಗ ಸೋತಿತು. ಎರಡು ಪದರ ಒಲೆಯ ಪಾತ್ರೆಗೆ ಸಾಕು. ಅವನ್ ಟ್ರೇಗೆ ಉಣ್ಣೆ ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ಅದರ ಹತ್ತಿರಕ್ಕೆ ಬಂದದ್ದು ಎರಡು ಹತ್ತಿ ಪದರದ ನಡುವೆ ಇನ್ಸುಲ್-ಬ್ರೈಟ್ ಇಟ್ಟದ್ದು.

ಇನ್ಸುಲ್-ಬ್ರೈಟ್ ಬಗ್ಗೆ ಜನರಿಗೆ ಭರವಸೆ ಜಾಸ್ತಿ. ಅದರೊಳಗೆ ಇರುವುದೂ ಪಾಲಿಯೆಸ್ಟರ್ ನೂಲೇ, ನಡುವೆ ಲೋಹದ ಲೇಪನದ ಹಾಳೆ. ಹೊಳೆಯುವ ಹಾಳೆ ದೂರದಿಂದ ಬರುವ ಶಾಖವನ್ನು ಹಿಂದಕ್ಕೆ ತಳ್ಳುತ್ತದೆ. ಬಿಸಿ ಲೋಹವನ್ನೇ ಒತ್ತಿ ಹಿಡಿದಾಗ ಶಾಖ ಮುಟ್ಟಿ ಮುಟ್ಟಿ ದಾಟಿಕೊಂಡು ಬರುತ್ತದೆ, ಅಲ್ಲಿ ಹೊಳಪಿನ ಆಟ ಅಷ್ಟಾಗಿ ನಡೆಯಲ್ಲ. ಅದಕ್ಕೇ ಅದೊಂದನ್ನೇ ತುಂಬಬೇಡಿ, ಪಾತ್ರೆಯ ಕಡೆಗೂ ಕೈಯ ಕಡೆಗೂ ಹತ್ತಿ ಇರಲಿ. ಲೋಹ ಇರುವುದರಿಂದ ಅದನ್ನು ಹಾಕಿದ ಪ್ಯಾಡನ್ನು ಮೈಕ್ರೋವೇವ್ ಒಳಗೆ ಇಡಲೇಬಾರದು. ಯಾರಿಗಾದರೂ ಉಡುಗೊರೆ ಕೊಡುವಾಗ ಇದನ್ನು ಖಂಡಿತ ಹೇಳಿ ಕೊಡಿ.

ಒದ್ದೆ ಮಾಡಿಯೂ ನೋಡಿದೆವು. ಅಷ್ಟು ಚೆನ್ನಾಗಿ ತಡೆಯುತ್ತಿದ್ದ ಅದೇ ಎರಡು ಪದರದ ಪ್ಯಾಡಿನ ಮೇಲೆ ಅಕ್ಕ ಕೈ ಇಟ್ಟ ಗಳಿಗೆಗೇ “ಅಯ್ಯೋ” ಅಂತ ತೆಗೆದಳು. ನೀರು ಗಾಳಿಗಿಂತ 20 ಪಟ್ಟಿಗೂ ಜಾಸ್ತಿ ಶಾಖ ಸಾಗಿಸುತ್ತದೆ. ಏನೇ ತುಂಬಿದ್ದರೂ ಒದ್ದೆ ಪ್ಯಾಡಿನಿಂದ ಪಾತ್ರೆ ಇಳಿಸಬೇಡಿ.

ಹೊಲಿಗೆಯ ವಿಷಯದಲ್ಲೂ ಸ್ವಲ್ಪ ಗಮನ ಬೇಕು. ಪ್ರತಿ ಹೊಲಿಗೆ ಸಾಲೂ ತುಂಬಿದ್ದನ್ನು ಒತ್ತಿ ತೆಳ್ಳಗೆ ಮಾಡುತ್ತದೆ, ಆ ಗೆರೆಯಲ್ಲೇ ಬಿಸಿ ಮೊದಲು ತಟ್ಟುತ್ತದೆ. ಒತ್ತೊತ್ತಾಗಿ ಹೊಲಿದ ಪ್ಯಾಡ್ ನೋಡಲು ಚೆಂದ, ನಾನು ಮಾತ್ರ ಸಾಲುಗಳ ನಡುವೆ ಎರಡು ಇಂಚು ಬಿಡುತ್ತೇನೆ. ದಾರ ಹತ್ತಿಯದೇ ಇರಲಿ, ಸೂಜಿ ಜೀನ್ಸ್ ಹೊಲಿಯುವ 16ನೇ ನಂಬರಿನದು. ಟವೆಲ್, ಬ್ಯಾಟಿಂಗ್ ಎಲ್ಲವನ್ನೂ ಕತ್ತರಿಸುವ ಮೊದಲೇ ಕುಗ್ಗಿಸಿಕೊಳ್ಳಿ, ಇಲ್ಲದಿದ್ದರೆ ಒಗೆದ ಮೇಲೆ ಪ್ಯಾಡ್ ಸೊಟ್ಟಗಾಗುತ್ತದೆ.

ಕೊನೆಗೆ ಅಕ್ಕನ ಅವನ್‌ಗೆ ಹೊಲಿದದ್ದು ಹೀಗೆ: ಹೊರಗೆ ಹತ್ತಿ ಬಟ್ಟೆ, ಒಳಗೆ ಗಟ್ಟಿ ಉಣ್ಣೆಯ ಒಂದು ಪದರ, ಅದರ ಎರಡೂ ಕಡೆ ಹತ್ತಿ ಬ್ಯಾಟಿಂಗ್. ಇನ್ನೊಂದು ಉಣ್ಣೆ ಪದರ ಸೇರಿಸು ಅಂತ ಅವಳು ಹಟ ಹಿಡಿದಳು, ಹಾಗೂ ಒಂದು ಹೊಲಿದು ನೋಡಿದೆ. ಬಿಸಿ ಒಂದಿಷ್ಟೂ ತಟ್ಟಲಿಲ್ಲ, ಆದರೆ ಮಡಚೋಕೆ ಬರದೆ ಟ್ರೇಯ ಅಂಚು ಕೈಗೆ ಸಿಗದೆ ಜಾರತೊಡಗಿತು. ಹಿಡಿತ ತಪ್ಪಿದರೆ ಸುಡುವುದು ಕೈ ಒಂದೇ ಅಲ್ಲ, ಕಾಲೂ ಸುಡುತ್ತದೆ. ಅದನ್ನು ಬಿಸಿ ಪಾತ್ರೆ ಇಳಿಸೋಕೆ ಮೇಜಿನ ಮೇಲೆ ಹಾಸಿಕೊಂಡಿದ್ದಾಳೆ.