ಹೆಪ್ಪು ಕರಗಿದ ಕಾಲನ್ನು ಸಂಜೆ ನೋಡಬೇಕು

ಬಳ್ಳಾರಿಯಲ್ಲಿ ಫಿಸಿಯೋಥೆರಪಿ ಮಾಡುತ್ತಾ ನನಗೆ ಗಟ್ಟಿಯಾಗಿ ಮನಸ್ಸಿಗೆ ಹತ್ತಿದ ವಿಷಯ ಇದು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿ, ಔಷಧಿ ಮುಗಿಸಿದವರ ಕಾಲನ್ನು ಸಂಜೆ ಹೊತ್ತು ನೋಡಬೇಕು.

ಓಪಿಡಿ ಸಾಮಾನ್ಯವಾಗಿ ಬೆಳಗ್ಗೆ. ರಾತ್ರಿಯೆಲ್ಲಾ ಮಲಗಿ ಎದ್ದಿರುವುದರಿಂದ ಆಗ ಬಾವು ಇಳಿದಿರುತ್ತದೆ. ಜೀನ್ಸ್ ಹೊಲಿಯುವ ಅಕ್ಕ ಒಬ್ಬರು ಪ್ರತಿ ಸಲ "ಎಲ್ಲಾ ಸರಿ ಇದೆ" ಅನ್ನಿಸಿಕೊಂಡೇ ಮನೆಗೆ ಹೋಗುತ್ತಿದ್ದರು. ನನ್ನ ಹತ್ತಿರ ಬಂದಾಗ ಹೇಳಿದ್ದು, "ಮುಂಜಾನೆ ಛಲೋ ಇರ್ತೈತ್ರಿ ಮೇಡಂ, ಸಂಜಿ ಆತಂದ್ರ ಕಾಲು ಎತ್ತಾಕ ಆಗಂಗಿಲ್ಲ." ಕೆಲಸ ಬಿಟ್ಟ ಮೇಲೆ ನೇರವಾಗಿ ಬರಲು ಹೇಳಿದೆ. ಟೇಪ್ ಹಿಡಿದು ಎರಡೂ ಮೀನಖಂಡ ಅಳೆದೆ. ಒಂದು ಕಾಲು ಸ್ಪಷ್ಟವಾಗಿ ದಪ್ಪ. ಪಾದದ ಗಂಟಿನ ಒಳಬದಿಯ ಚರ್ಮ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು.

ಕಾಲಿನ ರಕ್ತ ಮೇಲಕ್ಕೇ ಹೋಗಲಿ ಅಂತ ನಾಳದೊಳಗೆ ಸಣ್ಣ ಕವಾಟಗಳಿವೆ. ಹೆಪ್ಪು ಕರಗಿದರೂ ಕವಾಟ ಹಾಳಾಗಿರಬಹುದು. ಆಗ ರಕ್ತ ಕೆಳಗೇ ನಿಂತು ಒತ್ತಡ ಜಾಸ್ತಿಯಾಗುತ್ತದೆ. ಭಾರ, ಸೆಳೆತ, ತುರಿಕೆ, ಬಾವು ಶುರುವಾಗುತ್ತವೆ. ಕೆಲವರಿಗೆ ತಿಂಗಳುಗಟ್ಟಲೆ ಮಾಯದ ಹುಣ್ಣೂ ಆಗುತ್ತದೆ. ಇದಕ್ಕೆ ಪೋಸ್ಟ್ ಥ್ರಾಂಬೋಟಿಕ್ ಸಿಂಡ್ರೋಮ್ ಎನ್ನುತ್ತಾರೆ. ಕಾಲಿನ ಒಳನಾಳದಲ್ಲಿ ಹೆಪ್ಪುಗಟ್ಟಿದ 100 ಜನರಲ್ಲಿ 20ರಿಂದ 50 ಜನರಿಗೆ ಇದು ಬರುತ್ತದೆ, ಹೆಚ್ಚಾಗಿ ಮೊದಲ 2 ವರ್ಷಗಳಲ್ಲಿ. ರಕ್ತ ತೆಳುವಾಗಿಸುವ ಮಾತ್ರೆ ಹೊಸ ಹೆಪ್ಪನ್ನು ತಡೆಯುತ್ತದೆ, ಹಾಳಾದ ಕವಾಟವನ್ನು ರಿಪೇರಿ ಮಾಡುವುದಿಲ್ಲ. ಶ್ವಾಸಕೋಶಕ್ಕೆ ಹೋದ ಹೆಪ್ಪು ಬಹಳ ಸಲ ಕಾಲಿನಿಂದಲೇ ಹೋಗಿರುತ್ತದೆ. ಹಾಗಾಗಿ ಶ್ವಾಸಕೋಶದಲ್ಲಿ ಹೆಪ್ಪು ಆಗಿದ್ದವರ ಕಾಲಿನ ಬಟ್ಟೆಯನ್ನೂ ಸರಿಸಿ ನೋಡಲೇಬೇಕು.

ಇನ್ನು ಬಾವು ಇಳಿಯಲೆಂದು ಕಾಲಿಗೆ ಹಾಕುವ ಬಿಗಿ ಸಾಕ್ಸ್ (ಕಂಪ್ರೆಷನ್ ಸ್ಟಾಕಿಂಗ್). ನಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅದನ್ನು ದಿನವಿಡೀ ಹಾಕಿಕೊಳ್ಳುವುದು ಹಿಂಸೆ ಅಲ್ವಾ? 2014ರಲ್ಲಿ ಪ್ರಕಟವಾದ ಸಾಕ್ಸ್ ಬಗೆಗಿನ ದೊಡ್ಡ ಪರೀಕ್ಷೆಯಲ್ಲಿ, ಅದು ಈ ತೊಂದರೆ ಬರದಂತೆ ತಡೆಯುತ್ತದೆ ಎಂದು ಕಾಣಲಿಲ್ಲ. ಅದಕ್ಕೇ ನಾನು ಯಾರಿಗೂ ಸುಮ್ನೆ ಒತ್ತಾಯ ಮಾಡುವುದಿಲ್ಲ. ಅದರಿಂದ ಬಾವು ಕಡಿಮೆಯಾಗಿ ಆರಾಮ ಅನ್ನಿಸಿದವರು ಹಾಕಿಕೊಳ್ಳಲಿ. ಆದರೆ ಅದಕ್ಕೂ ಮೊದಲು ಪಾದದ ನಾಡಿ ನೋಡಿಸಬೇಕು. ಕಾಲಿಗೆ ಶುದ್ಧ ರಕ್ತ ತರುವ ನಾಳದಲ್ಲೇ ತಡೆ ಇದ್ದರೆ ಬಿಗಿ ಸಾಕ್ಸ್ ಅಪಾಯ.

ಆ ಅಕ್ಕನಿಗೆ ಹೇಳಿಕೊಟ್ಟಿದ್ದು ಮಿಷನ್ ಮುಂದೆಯೇ ಮಾಡುವಂಥದ್ದು. ಹಿಮ್ಮಡಿ ಎತ್ತಿ ಇಳಿಸುವುದು, ಆಗಾಗ ಎದ್ದು ನಡೆಯುವುದು. ಮೀನಖಂಡ ಪಂಪಿನಂತೆ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮನೆಯಲ್ಲಿ ಕಾಲನ್ನು ಎದೆಮಟ್ಟಕ್ಕಿಂತ ಮೇಲಿಟ್ಟು ಮಲಗಲೂ ಹೇಳಿದೆ.

ಒಂದು ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಹೊಸ ಹೆಪ್ಪಿರಬಹುದು, ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ.