ಮೇ ತಿಂಗಳ ಎರೆ ನೆಲ ನಂಬಿದ್ದೆ

ಹಾಸನದ ಕೆಂಪು ಮಣ್ಣಲ್ಲಿ ಬೆಳೆದವನು ನಾನು. ಗದಗ ಜಿಲ್ಲೆಯ ರೋಣದ ಕಡೆ ಗಾಳಿಯಿಂದ ಕರೆಂಟ್ ಮಾಡುವ ಒಂದು ವಿಂಡ್ ಸೈಟಿಗೆ ರಸ್ತೆ ನೋಡಿಕೊಳ್ಳಲು ಹೋದಾಗ ಮೇ ತಿಂಗಳು. ಎರೆ ಹೊಲದ, ಅಂದರೆ ಕಪ್ಪು ಮಣ್ಣಿನ ಹೊಲದ, ಬಿರುಕಿನಲ್ಲಿ ಮೊಣಕೈವರೆಗೂ ಕೈ ಹೋಗುತ್ತಿತ್ತು. ಆದರೆ ಪಿಕಾಸಿ ಹೊಡೆದರೆ ಠಣ್ ಅಂತ ಸದ್ದು. ಇಂಥ ನೆಲಕ್ಕೆ ಇನ್ನೇನು ಬೇಕು ಅಂದುಕೊಂಡೆ.

ಡ್ರಾಯಿಂಗ್‌ನಲ್ಲಿ ಎಲ್ಲ ಸರಿಯಾಗೇ ಇತ್ತು. ಕೆಳಗೆ ಜಿಯೋಟೆಕ್ಸ್‌ಟೈಲ್ ಅನ್ನುವ ದಪ್ಪ ಬಟ್ಟೆ, ಅದರ ಮೇಲೆ ಜಿಯೋಗ್ರಿಡ್ ಅನ್ನುವ ಬಲೆ, ಆಮೇಲೆ 450 ಎಂಎಂ ಗರಸು (ಕಲ್ಲು ಮಿಶ್ರಿತ ಮಣ್ಣು). ಹೆಡ್ ಆಫೀಸಿನವರು ರೇಟ್ ನೋಡಿ, 'ಟೆಂಪರರಿ ರೋಡಿಗೆ ಇಷ್ಟೆಲ್ಲ ಯಾಕೆ?' ಅಂದರು. ಬಟ್ಟೆ, ಗ್ರಿಡ್ ಎರಡೂ ಹಳ್ಳದ ಹತ್ತಿರ ಮಾತ್ರ, ಗರಸು 300 ಅಂತಾಯಿತು. ಅವರನ್ನು ಬೈಯುವುದು ಸುಲಭ. ಆದರೆ ಅವರ ಕೈಗೆ ಆ ಕತ್ತರಿ ಕೊಟ್ಟವನು ನಾನೇ. ನೆಲ ಎಷ್ಟು ಭಾರ ತಡೆಯುತ್ತದೆ ಅಂತ ನೋಡುವ ಸಿಬಿಆರ್ ಟೆಸ್ಟಿಗೆ ಮಣ್ಣನ್ನು 96 ಗಂಟೆ ನೆನೆಸಬೇಕು. ಶೆಡ್ಯೂಲ್ ತಲೆ ಮೇಲೆ ಕೂತಿತ್ತು. ನೆನೆಸದೆ, ಒಣ ಮಣ್ಣಿನ ದೊಡ್ಡ ನಂಬರ್ ಬರೆದು ಕಳಿಸಿ ಸಹಿ ಹಾಕಿದ್ದೆ.

ಅಕ್ಟೋಬರ್‌ನಲ್ಲಿ ಎರಡು ದಿನ ಜೋರು ಮಳೆ. ಮೂರನೇ ದಿನ ಬಿಸಿಲು. ಟಿ-17 ನಂಬರಿನ ಗಾಳಿ ಕಂಬಕ್ಕೆ ನಾಸೆಲ್, ಅಂದರೆ ಕಂಬದ ತುದಿಯಲ್ಲಿ ಕೂರುವ ಮಷೀನಿನ ಪೆಟ್ಟಿಗೆ, ಟ್ರೇಲರ್ ಮೇಲೆ ಹೋಗಬೇಕಿತ್ತು. ಲೋಡ್ ಟಿಪ್ಪರ್ ಓಡಿಸಿ ನೋಡಿದೆ, ಗಾಲಿ ಗುರುತು ಸರಿಯಾಗಿ ಮೂಡಲಿಲ್ಲ. ಹೊರಡಿ ಅಂದೆ. ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕೂತೇ ಕೂಗಿದ:

"ಇವತ್ತ ಬ್ಯಾಡ್ರಿ ಸಾಹೇಬ್ರ. ಮ್ಯಾಲ ಆರೈತಿ, ಒಳಗ ಹಸಿ ಐತಿ. ನಾವು ಎತ್ತ ಸೈತ ಹೊಡಿಯಂಗಿಲ್ಲ."

"ಒಂದಡಿ ಗರಸು ಹಾಕಿದ್ದೀವಿ ಅಜ್ಜಾ, ಏನೂ ಆಗಲ್ಲ ಬಿಡಿ" ಅಂದೆ. ಆ 'ಬಿಡಿ' ಈಗಲೂ ಚುಚ್ಚುತ್ತದೆ.

ಟಿಪ್ಪರ್ ಬುರ್ ಅಂತ ಹೋಗಿಬಿಡುತ್ತದೆ. ಟ್ರೇಲರ್ ತೆವಳುತ್ತದೆ, ಒಂದೇ ಜಾಗವನ್ನು ಒಂದರ ಹಿಂದೆ ಒಂದು ಆಕ್ಸಲ್ ತುಳಿಯುತ್ತದೆ. ಹತ್ತು ನಿಮಿಷದಲ್ಲಿ ಎಡ ಅಂಚಿನಲ್ಲಿ ಗರಸಿನ ಸಂದಿಯಿಂದ ಕಪ್ಪು ಕೆಸರು ಮೇಲೆ ಬಂತು, ಒತ್ತಿದ ಹೋಳಿಗೆಯಿಂದ ಹೂರಣ ಬರುವ ಹಾಗೆ. ಆಮೇಲೆ ಎಡಗಡೆ ಗಾಲಿಗಳು ಒಂದೊಂದಾಗಿ ಕೂತವು. ಡ್ರೈವರ್ ಇಂಜಿನ್ ಆಫ್ ಮಾಡಿದ. ಯಾರೂ ಮಾತಾಡಲಿಲ್ಲ.

ಟ್ರೇಲರ್‌ನ ಹೈಡ್ರಾಲಿಕ್ ಆಕ್ಸಲ್ ನೋಡಿಕೊಳ್ಳುವ ಆಪರೇಟರ್ ಅರ್ಧ ನೀರಿದ್ದ ಬಿಸ್ಲೇರಿ ಬಾಟಲಿಯನ್ನು ಟ್ರೇಲರ್ ಬೆಡ್ ಮೇಲೆ ನಿಲ್ಲಿಸಿ, ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿದ. ನಲವತ್ತು ನಿಮಿಷ ನಾನು ನೋಡಿದ್ದು ಅದೊಂದನ್ನೇ. ನೀರು ಒಂದು ಕಡೆ ಗೆರೆ ದಾಟಿತು. ಇನ್ನೊಂದು ಚೂರು ದಾಟಿತು. ಮೇಲೆ ಎಂಬತ್ತು ಟನ್ ನಾಸೆಲ್. ಫೋನಿನಲ್ಲಿ ಮ್ಯಾನೇಜರ್, "ಇನ್ನೊಂದು ಪುಲ್ಲರ್ ಲಾರಿ ಕಟ್ಟಿ ಎಳೀರಿ" ಅಂತಿದ್ದಾರೆ. ಆಪರೇಟರ್ ಫೋನ್ ಕಡೆ ತಿರುಗಿಯೂ ನೋಡದೆ, "ಎಳೆದರೆ ಮಲಗುತ್ತೆ ಸರ್" ಅಂದ. ನಾನೂ ಎಳೆಯೋಣ ಅಂತಲೇ ಬಾಯಿ ತೆರೆದಿದ್ದೆ. ಮುಚ್ಚಿಕೊಂಡೆ.

ಎಡಗಡೆ ಹೈಡ್ರಾಲಿಕ್ ಎತ್ತಿ ಮಟ್ಟ ಮಾಡಿದ. ನೀರು ಗೆರೆಗೆ ವಾಪಸ್ ಬಂದಾಗ ನನಗೆ ಉಸಿರು ಬಂತು. ಹಿಟಾಚಿಯಲ್ಲಿ ಕೆಸರು ತೆಗೆದು, ಬೋಲ್ಡರ್ ತುಂಬಿ, ಸ್ಟೀಲ್ ಪ್ಲೇಟ್ ಹಾಸಿ, ಆಮೇಲೆ ಎಳೆದೆವು. ಹೊರಗೆ ಬಂದಾಗ ರಾತ್ರಿ ಹನ್ನೊಂದು.

ಮರುವಾರ ರಸ್ತೆ ಅಗೆದರೆ 300 ಎಂಎಂ ಗರಸಿನಲ್ಲಿ ಕೈಗೆ ಸಿಕ್ಕಿದ್ದು ಅರ್ಧವೂ ಇಲ್ಲ. ಉಳಿದದ್ದನ್ನು ಎರೆ ನುಂಗಿತ್ತು. ಕೆಳಗೆ ಬಟ್ಟೆ ಇದ್ದ ಹಳ್ಳದ ಹತ್ತಿರ ಮಾತ್ರ ಹಾಕಿದ ಕಲ್ಲು ಹಾಕಿದಂಗೇ ಇತ್ತು. ನೆನೆಸಿದ ಸಿಬಿಆರ್ ರಿಪೋರ್ಟೂ ಅದೇ ವಾರ ಬಂತು. ಸಿಂಗಲ್ ಡಿಜಿಟ್, ಅದೂ ಒಂದು ಕೈಯ ಬೆರಳುಗಳಲ್ಲೇ ಎಣಿಸುವಷ್ಟು. ಮೊದಲು ಇಷ್ಟೆಲ್ಲ ಯಾಕೆ ಅಂದವರು ಈಗ ಬಟ್ಟೆಯನ್ನು ರೋಲ್‌ಗಟ್ಟಲೆ ಕಳಿಸಿದರು, ಬೇಕಾದ್ದಕ್ಕಿಂತ ಜಾಸ್ತಿ.

ಉಳಿದ ಜಿಯೋಟೆಕ್ಸ್‌ಟೈಲ್ ತುಂಡನ್ನು ಅಜ್ಜ ಮೇವಿನ ಬಣವೆ ಮುಚ್ಚಲು ಕೇಳಿ ಒಯ್ದ. ಒಂದು ಮಳೆ ಆದ ಮೇಲೆ ಸೈಟ್ ಆಫೀಸಿಗೇ ಬಂದ.

"ಸಾಹೇಬ್ರ, ನಿಮ್ಮ ಕಂಬಳಿ ಸೋರತೈತ್ರಿ. ಬಣವಿ ಎಲ್ಲಾ ತೊಯ್ದೈತಿ."

"ಅದರ ಕೆಲಸಾನೇ ಅದು ಅಜ್ಜಾ. ನೀರು ಬಿಡುತ್ತೆ, ಮಣ್ಣು ಹಿಡಿಯುತ್ತೆ."

ಅಜ್ಜ ಒಮ್ಮೆ ರಸ್ತೆ ಕಡೆ ನೋಡಿದ.

"ಹಂಗಾರ ಮದ್ಲ ಯಾಕ ಹಾಸಲಿಲ್ರಿ?"