ಎಂಜಿನ್ ಬಿಡಿ, ಬೋಗಿ ನೋಡಿ: ಜರ್ಮನಿಯ ಲೋಕಲ್ ಹಳಿಗಳ ಅಪರೂಪದ ಗಾಡಿಗಳು

ಜರ್ಮನಿಯಲ್ಲಿದ್ದೀನಿ ಅಂದ ಕೂಡಲೇ ಊರಿನವರು ಐಸಿಇ ರೈಲಿನ ಬಗ್ಗೆ ಕೇಳುತ್ತಾರೆ. ಗಂಟೆಗೆ 300 ಕಿಲೋಮೀಟರ್ ಓಡುತ್ತಂತಲ್ಲ, ಹೇಗಿರುತ್ತೆ ಅಂತ. ಚೆನ್ನಾಗಿರುತ್ತದೆ. ಆದರೆ ನನ್ನ ಮನಸ್ಸು ಸೆಳೆದಿರುವುದು ಊರೂರಿಗೂ ನಿಂತು ಹೋಗುವ ಲೋಕಲ್ ಗಾಡಿಗಳು, ನಮ್ಮ ಪ್ಯಾಸೆಂಜರ್ ಗಾಡಿಗಳಂಥವು. ಅವುಗಳಲ್ಲೂ ನಾನು ನೋಡುವುದು ಬೋಗಿಗಳನ್ನು. ಪ್ಲಾಟ್‌ಫಾರ್ಮಿನಲ್ಲಿ ಕ್ಯಾಮೆರಾ ಹಿಡಿದು ನಿಂತವರೆಲ್ಲ ಎಂಜಿನ್ ಬಂದಾಗ ಫೋಟೋ ತೆಗೆದು ಹೊರಡುತ್ತಾರೆ. ಅದರ ಹಿಂದೆ ಬರುವುದರಲ್ಲಿ ಕತೆ ಜಾಸ್ತಿ ಇರುತ್ತದೆ.

ಎಲ್ಲೂ ಇಲ್ಲದಂಥ ಬೋಗಿಯೊಂದು ಯಾವುದೋ ಹಳಿಯ ಮೇಲೆ ಕಂಡಿತು ಅನ್ನಿ. ಅದು ಸುಮ್ನೆ ಅಲ್ಲಿಗೆ ಬಂದಿರುವುದಿಲ್ಲ. ಗುಡ್ಡ ಕಡಿದಾಗಿತ್ತು, ಜನ ಕಡಿಮೆ ಇದ್ದರು, ದುಡ್ಡಿರಲಿಲ್ಲ, ಹೊಸ ಗಾಡಿ ಹೇಳಿದ ಹೊತ್ತಿಗೆ ಬರಲಿಲ್ಲ. ಇಂಥ ಏನೋ ಒಂದು ಕಷ್ಟಕ್ಕೆ ಯಾರೋ ತಲೆ ಓಡಿಸಿ ಕಂಡುಕೊಂಡ ದಾರಿ ಅದು. ಆ ಕಷ್ಟ ಯಾವುದು ಅಂತ ಹುಡುಕುತ್ತಾ ಹೋಗುವುದೇ ನನ್ನ ವಾರಾಂತ್ಯಗಳ ಸಂತೋಷ.

ನಾನಿರುವುದು ಸ್ಟುಟ್‌ಗಾರ್ಟ್ ಕಡೆ, ನೆಕ್ಕರ್ ನದಿಯ ಕಣಿವೆಯಲ್ಲಿ. 1996ರಿಂದ ಜರ್ಮನಿಯಲ್ಲಿ ಲೋಕಲ್ ರೈಲುಗಳ ಹೊಣೆ ರಾಜ್ಯಗಳದ್ದು. ರಾಜ್ಯ ಸರ್ಕಾರ ಟೆಂಡರ್ ಕರೆಯುತ್ತದೆ, ಗೆದ್ದ ಕಂಪನಿ ಹೊಸ ಗಾಡಿಗಳನ್ನು ತಂದು ಓಡಿಸಬೇಕು. ಕಾರ್ಖಾನೆಯಲ್ಲಿ ತಡವಾದರೆ? ಟೈಮ್‌ಟೇಬಲ್ ಕಾಯುವುದಿಲ್ಲ. ಆಗ ಎಲ್ಲಿಂದಲಾದರೂ ಬಾಡಿಗೆಗೆ ಬೋಗಿ ತರಲೇಬೇಕು. ಕೆಲವು ವರ್ಷಗಳ ಹಿಂದೆ ಇಲ್ಲಿ ಗುತ್ತಿಗೆ ಬದಲಾದಾಗ ಆದದ್ದು ಅದೇ. ಸ್ಟುಟ್‌ಗಾರ್ಟ್–ಟ್ಯೂಬಿಂಗನ್ ಹಳಿಯ ಮೇಲೆ, ಮ್ಯೂಸಿಯಂನಲ್ಲಿ ಇರಬೇಕಾದಂಥ ಬೋಗಿಗಳು ಆಫೀಸಿಗೆ ಹೋಗುವವರನ್ನು ಹೊತ್ತು ಓಡಾಡಿದವು. ತಡವಾದ ಗಾಡಿಗಳಿಂದ ಜನ ರೋಸಿಹೋಗಿದ್ದರು, ಅದು ನ್ಯಾಯವೇ. ಆದರೆ ಆ ಬೋಗಿಗಳನ್ನು ನೋಡಿ ನನಗೆ ಆದ ಖುಷಿ ಬೇರೆ.

ಅವು ‘ಎನ್-ವಾಗನ್’ ಜಾತಿಯವು. 1950ರ ದಶಕದ ಕೊನೆಯಲ್ಲಿ ಶುರುವಾಗಿ 1980ರ ಸುಮಾರಿನವರೆಗೆ ಪಶ್ಚಿಮ ಜರ್ಮನಿಯಲ್ಲಿ ಐದು ಸಾವಿರಕ್ಕೂ ಹೆಚ್ಚು ತಯಾರಾದವು. ಒಂದು ಕಾಲದಲ್ಲಿ ಆ ದೇಶದ ಲೋಕಲ್ ಗಾಡಿ ಅಂದರೆ ಇದೇ. ಉದ್ದ 26.4 ಮೀಟರ್. ನಮ್ಮ ಈಗಿನ ಎಲ್‌ಎಚ್‌ಬಿ ಬೋಗಿ ಸುಮಾರು ಇಪ್ಪತ್ಮೂರೂವರೆ ಮೀಟರ್, ಅದಕ್ಕಿಂತಲೂ ಉದ್ದ. ಬಾಗಿಲುಗಳು ತುದಿಯಲ್ಲಿಲ್ಲ, ಸ್ವಲ್ಪ ಒಳಗೆ ಇವೆ. ಹಾಗಾಗಿ ಹತ್ತುವವರು ಎರಡೂ ಕಡೆಗೆ ಹಂಚಿಹೋಗಿ ಗಾಡಿ ಬೇಗ ಹೊರಡುತ್ತದೆ. ಮೊದಲು ಬಂದಾಗ ಇವಕ್ಕೆ ಬಣ್ಣವೇ ಇರಲಿಲ್ಲ. ಬರಿಯ ಸ್ಟೇನ್‌ಲೆಸ್ ಸ್ಟೀಲ್ ಮೈ, ಕಿಟಕಿಗಳ ಕೆಳಗೆ ಸಾಲುಸಾಲಾಗಿ ಉಜ್ಜಿ ಮೂಡಿಸಿದ ನವಿಲುಗರಿ ಕಣ್ಣಿನ ವಿನ್ಯಾಸ. ‘ಸಿಲ್ಬರ್‌ಲಿಂಗ್’ ಅನ್ನುವ ಅಡ್ಡಹೆಸರು ಬಂದದ್ದು ಆ ಹೊಳಪಿನಿಂದಲೇ. ಆಮೇಲೆ ಎಲ್ಲಕ್ಕೂ ಕೆಂಪು ಪೇಂಟ್ ಬಳಿದರು, ನವಿಲುಕಣ್ಣು ಮರೆಯಾಯಿತು. ಈಗ ಬೆಳ್ಳಿ ಮೈಯ ಬೋಗಿ ನೋಡಬೇಕು ಅಂದರೆ ಮ್ಯೂಸಿಯಂ ಸಂಘಗಳವರು ಓಡಿಸುವ ವಿಶೇಷ ಗಾಡಿಗಳನ್ನು ಹುಡುಕಿಕೊಂಡು ಹೋಗಬೇಕು. ನನ್ನ ಕೇಳಿದರೆ ಬಳಿಯಲೇಬಾರದಿತ್ತು.

ಈ ಬೋಗಿಯ ಕಿಟಕಿ ಅರ್ಧ ತೆಗೆಯುತ್ತದೆ. ಇಲ್ಲಿಯ ಹೊಸ ಗಾಡಿಗಳಲ್ಲಿ ಕಿಟಕಿ ತೆಗೆಯುವ ಹಾಗೇ ಇಲ್ಲ, ಎಲ್ಲ ಏಸಿ. ಬೇಸಿಗೆಯಲ್ಲಿ ಮುಖಕ್ಕೆ ಗಾಳಿ ಹೊಡೆಸಿಕೊಂಡು ದ್ರಾಕ್ಷಿ ತೋಟಗಳ ಪಕ್ಕ ಹೋಗುವ ಸುಖ ಅರಸೀಕೆರೆ ಪ್ಯಾಸೆಂಜರಿನ ಕಿಟಕಿ ಸೀಟಿಗೆ ಜಗಳವಾಡಿದವರಿಗೆ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಇಲ್ಲಿ ಎಷ್ಟೋ ಲೋಕಲ್ ಗಾಡಿಗಳಲ್ಲಿ ಎಂಜಿನ್ ಹಿಂದಿರುತ್ತದೆ, ಡ್ರೈವರ್ ಮುಂದಿರುತ್ತಾರೆ. ಎಂಜಿನ್ನಿಗೆ ಎದುರು ತುದಿಯ ಬೋಗಿಯ ಮೂತಿಯಲ್ಲೇ ಡ್ರೈವರ್ ಕೋಣೆ ಇರುತ್ತದೆ, ಅಲ್ಲಿ ಕೂತು ಹಿಂದಿನ ಎಂಜಿನ್ನನ್ನು ನಡೆಸುತ್ತಾರೆ. ಮಾಲ್ಡಾದಿಂದ ನಮ್ಮ ಬೆಂಗಳೂರಿಗೆ ಬರುವ ಅಮೃತ್ ಭಾರತ್ ಗಾಡಿಗೆ ಎರಡೂ ತುದಿಗೆ ಎಂಜಿನ್ ಇದೆಯಲ್ಲ, ಇಲ್ಲಿ ಒಂದೇ ಎಂಜಿನ್ನಿನಲ್ಲಿ ಮುಗಿಸುತ್ತಾರೆ. ಕೊನೆಯ ಸ್ಟೇಷನ್ನಿನಲ್ಲಿ ಎಂಜಿನ್ ಬಿಚ್ಚಿ, ಸುತ್ತಿಸಿ, ಮತ್ತೆ ಕಟ್ಟುವ ಕೆಲಸ ಇಲ್ಲ. ಈ ಡ್ರೈವರ್ ಬೋಗಿಗಳ ಮೂತಿ ಒಂದೊಂದು ವರ್ಕ್‌ಶಾಪಿನಲ್ಲಿ ಒಂದೊಂದು ಥರ ಆಗಿದೆ. ಕಾರ್ಲ್ಸ್‌ರೂಎ ವರ್ಕ್‌ಶಾಪಿನದ್ದು ಒಂದು, ವಿಟ್ಟೆನ್‌ಬೆರ್ಗೆಯದ್ದು ಇನ್ನೊಂದು. ಗೊತ್ತಿರುವವರು ದೂರದಿಂದ ದೀಪ ನೋಡಿಯೇ ಯಾವುದು ಅಂತ ಹೇಳಿಬಿಡುತ್ತಾರೆ.

ಬೋಗಿ ನೋಡುವುದು ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು ನಂಬರ್ ಓದಿ ಅಂತ. ಯುರೋಪಿನ ಬೋಗಿಗಳ ಪಕ್ಕದಲ್ಲಿ ಹನ್ನೆರಡು ಅಂಕಿ ಬರೆದಿರುತ್ತಾರೆ. ಮೂರನೆಯ ಮತ್ತು ನಾಲ್ಕನೆಯ ಅಂಕಿ ದೇಶದ ಗುರುತು: 80 ಅಂದರೆ ಜರ್ಮನಿ, 81 ಆಸ್ಟ್ರಿಯಾ, 85 ಸ್ವಿಟ್ಜರ್ಲೆಂಡ್, 54 ಚೆಕ್, 51 ಪೋಲೆಂಡ್. ಅದಾದ ಮೇಲಿನವು ಬೋಗಿಯ ಬಗೆ ಮತ್ತು ವೇಗಕ್ಕೆ ಸಂಬಂಧಿಸಿದ್ದು, ಕೊನೆಯದು ತಾಳೆ ನೋಡುವ ಅಂಕಿ. ಪಕ್ಕದಲ್ಲಿ ಅಕ್ಷರಗಳೂ ಇರುತ್ತವೆ. ಎ ಅಂದರೆ ಫಸ್ಟ್ ಕ್ಲಾಸ್, ಬಿ ಅಂದರೆ ಸೆಕೆಂಡ್ ಕ್ಲಾಸ್, ಕೊನೆಗೆ ಎಫ್ ಇದ್ದರೆ ಡ್ರೈವರ್ ಕೋಣೆ ಇರುವ ಬೋಗಿ. ಇಷ್ಟು ಗೊತ್ತಾದರೆ ಸಾಕು, ಸ್ಟೇಷನ್ನಿನಲ್ಲಿ ಕಾಯುವ ಹತ್ತು ನಿಮಿಷ ಬೇಜಾರಾಗುವುದಿಲ್ಲ. ನಮ್ಮಲ್ಲೂ ಹೀಗೇ ಇದೆ. ಕೋಚ್ ನಂಬರಿನ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. ಮುಂದಿನ ಸಲ ಗಮನಿಸಿ.

ಅಪರೂಪದ ಬೋಗಿಗಳೆಲ್ಲ ಒಂದೇ ಕಡೆ ಸೇರಿದ ಪ್ರಸಂಗ ಅಂದರೆ 2016ರ ನವೆಂಬರಿನದ್ದು. ಜರ್ಮನಿಯ ಉತ್ತರದ ತುದಿಯಲ್ಲಿ ಜ್ಯೂಲ್ಟ್ ಅನ್ನುವ ದ್ವೀಪ ಇದೆ. ಕಾರಿನಲ್ಲಿ ಹೋಗಲು ಸೇತುವೆ ಇಲ್ಲ. ಸಮುದ್ರದ ಮಧ್ಯೆ 11 ಕಿಲೋಮೀಟರ್ ಒಡ್ಡು ಕಟ್ಟಿ 1927ರಲ್ಲಿ ಹಳಿ ಹಾಕಿದ್ದಾರೆ, ಕಾರನ್ನೂ ರೈಲಿನ ಮೇಲೆ ಹತ್ತಿಸಿ ಸಾಗಿಸುತ್ತಾರೆ. ಹ್ಯಾಂಬರ್ಗಿನಿಂದ ಅಲ್ಲಿಗೆ ಹೋಗುವ ಲೋಕಲ್ ಗಾಡಿಯ ಬೋಗಿಗಳು ಜೋಡಿಜೋಡಿಯಾಗಿ ಸೇರಿಸಿದಂಥವು. ಆ ಜೋಡಿಗಳನ್ನು ಸೇರಿಸುವ ಕೊಂಡಿಯಲ್ಲಿ, ಅಂದರೆ ಕಪ್ಲಿಂಗಿನಲ್ಲಿ, ದೋಷ ಸಿಕ್ಕಿತು. ಎಲ್ಲ 90 ಬೋಗಿಗಳನ್ನೂ ಒಮ್ಮೆಲೇ ನಿಲ್ಲಿಸಿಬಿಟ್ಟರು. ದ್ವೀಪದಲ್ಲಿ ಕೆಲಸ ಮಾಡುವವರಲ್ಲಿ ಎಷ್ಟೋ ಜನ ಇರುವುದು ಈಚೆ ದಡದಲ್ಲಿ, ದಿನಾ ಹೋಗಿ ಬರುವವರು. ಗಾಡಿ ಓಡಿಸದೆ ಇರುವಂತಿಲ್ಲ. ಆಗ ದೇಶದ ಮೂಲೆಮೂಲೆಯಿಂದ ಸಿಕ್ಕಿದ ಬೋಗಿಗಳನ್ನೆಲ್ಲ ತರಿಸಿದರು. ಆ ದಿನಗಳ ಫೋಟೋಗಳನ್ನು ನೋಡಿದರೆ ಒಂದೇ ಗಾಡಿಯಲ್ಲಿ ಬೇರೆಬೇರೆ ಬಣ್ಣ, ಬೇರೆಬೇರೆ ಎತ್ತರ, ಬೇರೆಬೇರೆ ಕಾಲದ ಬೋಗಿಗಳು ಕಾಣುತ್ತವೆ. ಆ ಗಾಡಿಗಳನ್ನು ದಿನಾ ಜೋಡಿಸಿ ಹೊರಡಿಸಿದ ಯಾರ್ಡಿನ ಕೆಲಸಗಾರರ ಬಗ್ಗೆ ನನಗೆ ತುಂಬ ಗೌರವ. ಬೋಗಿ ಬೇರೆಯಾದರೆ ಬಾಗಿಲಿನ ತಂತಿ, ಹೀಟರ್, ಬ್ರೇಕ್ ಎಲ್ಲವನ್ನೂ ಹೊಂದಿಸಬೇಕಲ್ವಾ.

ಅಪ್ಪ ಇಲ್ಲಿಗೆ ಬಂದಾಗ ಅವರನ್ನು ರೈನ್ ನದಿಯ ದಡದ ಲಿನ್ಜ್ ಅನ್ನುವ ಊರಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಕಾಲೆನ್‌ಬಾರ್ನ್‌ವರೆಗೆ ಒಂದು ಪುಟ್ಟ ಹಳಿ ಗುಡ್ಡ ಹತ್ತುತ್ತದೆ. ಬೇಸಿಗೆಯ ವಾರಾಂತ್ಯಗಳಲ್ಲಿ ಅಲ್ಲಿ ಕೆಂಪು ರೈಲುಬಸ್ಸು ಓಡುತ್ತದೆ. ಗಾಡಿ ಬಂದು ನಿಂತಿದ್ದೇ ತಡ, ಅಪ್ಪ ಜೋರಾಗಿಯೇ ಅಂದರು:

“ಲೋ, ಇದು ನಮ್ಮ ತಾಳಗುಪ್ಪದ ರೈಲುಬಸ್ಸೇ ಅಲ್ವೇನೋ!”

“ಅದರ ದೊಡ್ಡಪ್ಪ ಅನ್ನಿ ಅಪ್ಪ. ಮುಂದಿನ ಸೀಟಿಗೆ ಬನ್ನಿ, ಡ್ರೈವರ್ ಹಿಂದೆ ಕೂತರೆ ಹಳಿಯೆಲ್ಲ ಕಾಣುತ್ತೆ.”

ಶಿವಮೊಗ್ಗ–ತಾಳಗುಪ್ಪ ಹಳಿ ಮೀಟರ್‌ಗೇಜ್ ಆಗಿದ್ದಾಗ ಅಲ್ಲಿ ಓಡುತ್ತಿದ್ದ ರೈಲುಬಸ್ಸು ಮಲೆನಾಡಿನವರಿಗೆ ನೆನಪಿರುತ್ತದೆ. ಜರ್ಮನಿಯದ್ದು 1950ರಲ್ಲಿ ಬಂದದ್ದು, ಊರ್ಡಿಂಗನ್ನಿನ ಕಾರ್ಖಾನೆಯದು. ಯುದ್ಧ ಮುಗಿದ ಮೇಲೆ ಹಳ್ಳಿ ಕಡೆಯ ಹಳಿಗಳಲ್ಲಿ ಜನ ಕಡಿಮೆ, ಹಬೆ ಎಂಜಿನ್ನಿನ ಖರ್ಚು ಜಾಸ್ತಿ. ಹಳಿ ಮುಚ್ಚುವುದೇ ಸರಿ ಅನ್ನುವ ಪರಿಸ್ಥಿತಿ. ಆಗ ಬಸ್ಸಿಗೆ ಹಾಕುವ ಡೀಸೆಲ್ ಎಂಜಿನ್ನನ್ನೇ ನೆಲದಡಿಗೆ ಕೂರಿಸಿ ಈ ಹಗುರ ಗಾಡಿ ಮಾಡಿದರು. ಮೊದಲಿನದಕ್ಕೆ ಒಂದು ಎಂಜಿನ್, 1955ರಿಂದ ಬಂದ ವಿಟಿ 98 ಅನ್ನುವುದಕ್ಕೆ ಎರಡು. ಸೀಟಿನ ಬೆನ್ನನ್ನು ಆಚೆ ಈಚೆ ಮಗುಚಬಹುದು, ಗಾಡಿ ಯಾವ ಕಡೆ ಹೋದರೂ ಮುಖ ಮುಂದಕ್ಕೇ. ಹಳ್ಳಿ ಹಳಿಗಳನ್ನು ಕಾಪಾಡಿದ ಗಾಡಿ ಅಂತ ಇಲ್ಲಿಯವರು ಇವತ್ತಿಗೂ ನೆನೆಯುತ್ತಾರೆ. ಸರ್ಕಾರಿ ರೈಲ್ವೆ ಇದನ್ನು 2000ದಲ್ಲಿ ಕೈಬಿಟ್ಟಿತು. ಅಲ್ಲಲ್ಲಿ ಸಂಘಗಳು ಉಳಿಸಿಕೊಂಡಿವೆ. ಅಪ್ಪ ಇಡೀ ದಾರಿ ಸಾಗರದ ಸ್ಟೇಷನ್ ಬಗ್ಗೆ ಮಾತಾಡುತ್ತಾ ಬಂದರು.

ಆದರೆ ಒಂದೇ ಒಂದು ಕಡೆ ಹೋಗಲು ಸಮಯ ಇದೆ ಅಂದರೆ ನಾನು ತ್ಯೂರಿಂಗನ್ ರಾಜ್ಯದ ಒಬರ್‌ವೈಸ್‌ಬಾಖ್ ಗುಡ್ಡದ ರೈಲನ್ನೇ ಹೇಳುವುದು. ಶ್ವಾರ್ಜಾ ನದಿಯ ಕಣಿವೆಯಲ್ಲಿ ಮಾಮೂಲಿ ಡೀಸೆಲ್ ಗಾಡಿಯಲ್ಲಿ ಹೋಗಿ ಒಬ್ಸ್ಟ್‌ಫೆಲ್ಡರ್‌ಶ್ಮೀಡೆ ಅನ್ನುವ ಸಣ್ಣ ಸ್ಟೇಷನ್ನಿನಲ್ಲಿ ಇಳಿಯಬೇಕು. ಎದುರಿಗೆ ಕಾಡಿನ ನಡುವೆ ನಾಲ್ಕಕ್ಕೆ ಒಂದರಷ್ಟು ಏರಿನ ಹಳಿ ನೇರ ಮೇಲಕ್ಕೆ ಹೋಗುತ್ತದೆ. ಸುಮಾರು 1.4 ಕಿಲೋಮೀಟರಿನಲ್ಲಿ 323 ಮೀಟರ್ ಮೇಲೇರುತ್ತದೆ. ಗಾಡಿಯನ್ನು ಎಳೆಯುವುದು ಉಕ್ಕಿನ ಹಗ್ಗ. ಒಂದು ಮೇಲೆ ಬರುವಾಗ ಇನ್ನೊಂದು ಕೆಳಗೆ ಇಳಿಯುತ್ತದೆ. ಇಷ್ಟಾದರೆ ಬೇರೆ ಕಡೆಯೂ ಇದೆ. ಇಲ್ಲಿಯ ವಿಶೇಷ ಏನೆಂದರೆ, ಹಗ್ಗದ ಒಂದು ತುದಿಗೆ ಮೆಟ್ಟಿಲಿನ ಆಕಾರದ ಬೋಗಿ ಇದೆ, ಇನ್ನೊಂದು ತುದಿಗೆ ಚಕ್ರವಿರುವ ಒಂದು ದೊಡ್ಡ ವೇದಿಕೆ. ಕೆಳಭಾಗ ಏರಿಗೆ ತಕ್ಕಂತೆ ಓರೆ, ಮೇಲ್ಭಾಗ ಮಟ್ಟಸ. ಆ ಮಟ್ಟಸ ಜಾಗದಲ್ಲಿ ಹಳಿ ಇದೆ. ಮಾಮೂಲಿ ರೈಲು ಬೋಗಿಯೊಂದನ್ನು ಹಾಗೇ ತಳ್ಳಿ ಅದರ ಮೇಲೆ ನಿಲ್ಲಿಸುತ್ತಾರೆ. ಬೋಗಿಯನ್ನು ಹೊತ್ತು ವೇದಿಕೆ ಗುಡ್ಡ ಹತ್ತುತ್ತದೆ.

ಯಾಕೆ ಹೀಗೆ? ಮೇಲಿನ ಊರುಗಳಿಗೆ ಸಾಮಾನು ಹೋಗಬೇಕಿತ್ತು. ಕೆಳಗೆ ವ್ಯಾಗನ್ನಿನಿಂದ ಇಳಿಸಿ, ಮತ್ತೆ ತುಂಬಿ, ಮೇಲೆ ಮತ್ತೆ ಇಳಿಸಿ ಅಂದರೆ ಕೂಲಿ ದುಬಾರಿ, ಸಮಯವೂ ಹಾಳು. ವ್ಯಾಗನ್ನನ್ನೇ ಎತ್ತಿಕೊಂಡು ಹೋದರೆ? ಎಂಜಿನಿಯರ್ ವೋಲ್ಫ್‌ಗಾಂಗ್ ಬೇಸ್ಲರ್ ಹಾಗೇ ಮಾಡಿದರು. ಜನರಿಗಾಗಿ 1923ರಲ್ಲಿ ತೆರೆಯಿತು. ಭಾರ ಹೊರಲು ಹಳಿ ಅಗಲ ಇರಬೇಕು, ಆದ್ದರಿಂದ 1800 ಮಿಲಿಮೀಟರ್ ಗೇಜ್ ಇಟ್ಟರು. ನಮ್ಮ ಬ್ರಾಡ್‌ಗೇಜ್ 1676. ಅದಕ್ಕಿಂತ ಅಗಲದ ಹಳಿ ಜರ್ಮನಿಯ ಒಂದು ಕಾಡಿನಲ್ಲಿ ಇದೆ ಅಂದರೆ ನಂಬುವುದು ಕಷ್ಟ, ಅಲ್ವಾ? ಬೇಸಿಗೆಯಲ್ಲಿ ವೇದಿಕೆಯ ಮೇಲೆ ಛಾವಣಿ ಇಲ್ಲದ ಬೋಗಿ ಇಡುತ್ತಾರೆ. ಅದರಲ್ಲಿ ಕೂತು ಮೇಲಕ್ಕೆ ಹೋಗುವಾಗ ಪೈನ್ ಮರಗಳ ವಾಸನೆ ಬರುತ್ತದೆ, ಕಣಿವೆ ಕಾಲಡಿಗೆ ಇಳಿಯುತ್ತಾ ಹೋಗುತ್ತದೆ. ಮೇಲೆ ಲಿಖ್ಟನ್‌ಹೈನ್‌ನಿಂದ ಕುರ್ಸ್‌ಡಾರ್ಫ್‌ಗೆ ಪುಟ್ಟ ಎಲೆಕ್ಟ್ರಿಕ್ ಗಾಡಿ ಕಾದಿರುತ್ತದೆ, ಎರಡೂವರೆ ಕಿಲೋಮೀಟರಿನಷ್ಟು ದಾರಿ. ಇದೂ ಸರ್ಕಾರಿ ರೈಲ್ವೆಯದೇ ಲೋಕಲ್ ಗಾಡಿ.

ಎರಡು ಅಂತಸ್ತಿನ ಬೋಗಿಗಳು ಇಲ್ಲಿ ಎಷ್ಟು ಸಾಮಾನ್ಯ ಅಂದರೆ ಯಾರೂ ತಿರುಗಿ ನೋಡುವುದಿಲ್ಲ. ಬೆಂಗಳೂರು–ಚೆನ್ನೈ ಡಬಲ್ ಡೆಕರ್ 2013ರಲ್ಲಿ ಬಂದಾಗ ನಮ್ಮಲ್ಲಿ ಎಷ್ಟು ಸಂಭ್ರಮ ಇತ್ತು! ಇಲ್ಲಿ 1936ರಲ್ಲೇ ಹ್ಯಾಂಬರ್ಗ್–ಲ್ಯೂಬೆಕ್ ನಡುವೆ ಅಂಥವು ಓಡಿದವು. ಯುದ್ಧದ ನಂತರ ಪೂರ್ವ ಜರ್ಮನಿಯ ಗ್ಯೊರ್ಲಿಟ್ಸ್ ಕಾರ್ಖಾನೆ ಅವನ್ನು ಮಾಡಿ ಪೋಲೆಂಡ್, ರೊಮೇನಿಯಾ, ಬಲ್ಗೇರಿಯಾಗಳಿಗೂ ಕಳಿಸಿತು. 1849ರಿಂದ ಬೋಗಿ ಮಾಡಿಕೊಂಡು ಬಂದ ಆ ಕಾರ್ಖಾನೆಯನ್ನು ಸೇನಾ ವಾಹನ ಮಾಡುವ ಕಂಪನಿಗೆ ವಹಿಸಲು 2025ರಲ್ಲಿ ಒಪ್ಪಂದವಾಯಿತು. ಓದಿದಾಗ ಬೇಸರವಾಯಿತು.

ಇದೆಲ್ಲ ದೂರದ ಕತೆ ಅನ್ನಿಸಬಹುದು. ಆದರೆ ನಮ್ಮ ಎಲ್‌ಎಚ್‌ಬಿ ಬೋಗಿಯ ಹೆಸರಿನಲ್ಲಿರುವುದು ಲಿಂಕೆ-ಹಾಫ್‌ಮನ್-ಬುಷ್, ಇಲ್ಲಿಯ ಜಾಲ್ಜ್‌ಗಿಟ್ಟರ್ ಊರಿನ ಕಾರ್ಖಾನೆ. ಅದಕ್ಕೂ ಮೊದಲಿನ ನೀಲಿ ಐಸಿಎಫ್ ಬೋಗಿ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಾರ್ಖಾನೆಯ ವಿನ್ಯಾಸ. ಜ್ಯೂರಿಕ್‌ನಿಂದ ಲೋಕಲ್ ಗಾಡಿಯಲ್ಲಿ ಹೋದರೆ ಶ್ಲೀರೆನ್ ಸ್ಟೇಷನ್ ಸಿಗುತ್ತದೆ. ಪೆರಂಬೂರಿನಲ್ಲಿ 1955ರಿಂದ ಶುರುವಾದ ಆ ನೀಲಿ ಬೋಗಿಗಳ ತಯಾರಿ 2018ರಲ್ಲಿ ನಿಂತಿದೆ. ಇರುವವೂ ಒಂದೊಂದಾಗಿ ಹೋಗುತ್ತಿವೆ.

ಇಲ್ಲಿ ಓದುವುದಕ್ಕೋ ಕೆಲಸಕ್ಕೋ ಬರುವವರಿಗೆ ನನ್ನ ಸಲಹೆ: ತಿಂಗಳಿಗೊಂದು ಡಾಯ್ಚ್‌ಲಾಂಡ್ ಟಿಕೆಟ್ ಮಾಡಿಸಿಕೊಳ್ಳಿ. 2023ರ ಮೇನಲ್ಲಿ 49 ಯೂರೋಗೆ ಶುರುವಾದದ್ದು, ಆಮೇಲೆ ಬೆಲೆ ಏರಿದೆ, ಆದರೂ ದೇಶದ ಲೋಕಲ್ ಗಾಡಿಗಳಲ್ಲಿ ಓಡಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಊರಿನಲ್ಲಿರುವವರು ಒಂದು ಉಪಕಾರ ಮಾಡಿ. ಹಳೇ ನೀಲಿ ಬೋಗಿ ಸಿಕ್ಕಿದರೆ ಒಂದು ಫೋಟೋ ತೆಗೆದಿಡಿ. ನಂಬರ್ ಕಾಣುವ ಹಾಗೆ, ಒಳಗಿನ ಸೀಟು, ಫ್ಯಾನು, ಕಿಟಕಿ ಸರಳು ಕೂಡ ಇರಲಿ. ಎಂಜಿನ್ ಫೋಟೋ ತೆಗೆಯುವವರು ಬೇಕಾದಷ್ಟು ಜನ ಇದ್ದಾರೆ.